ಅಪ್ಪ ಅಮ್ಮನ ಜೊತೆ ಬಾಲಿ ವಿಮಾನ ನಿಲ್ದಾಣ: ಹೋಗುವಾಗ, ಬರುವಾಗ

ಬಾಲಿಗೆ ಟಿಕೆಟ್ ತೆಗೆಯುವ ಮುಂಚೆ ಮನೆಯವರೆಲ್ಲರ ಪಾಸ್‌ಪೋರ್ಟ್ ಬೀರುವಿನಿಂದ ತೆಗೆದು ಒಂದೊಂದೇ ಪುಟ ತಿರುವಿ ನೋಡಿ. ಇನ್ನೂ ಆರು ತಿಂಗಳ ಅವಧಿ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹರಿದ ಪುಟ, ನೀರು ತಾಗಿ ಉಬ್ಬಿದ ಹಾಳೆ, ಹೊಲಿಗೆ ಬಿಟ್ಟ ರಟ್ಟು ಇವುಗಳನ್ನೂ ಇಂಡೋನೇಷ್ಯಾದವರು ಸುಮ್ಮನೆ ಬಿಡುವುದಿಲ್ಲ. ಅಲ್ಲಿ ತಡೆದು ವಾಪಸ್ ಕಳಿಸಿದರೆ ಕರೆತರುವ ಹೊಣೆ ವಿಮಾನ ಸಂಸ್ಥೆಯ ಮೇಲೆ ಬೀಳುತ್ತದೆ. ಹಾಗಾಗಿ ಬೆಂಗಳೂರಿನ ಕೌಂಟರಿನಲ್ಲೇ ಪುಟ ತಿರುವಿ ನೋಡುತ್ತಾರೆ. ಅಪ್ಪನ ಪಾಸ್‌ಪೋರ್ಟಿನ ರಟ್ಟು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಅದನ್ನು ಹೊಸದು ಮಾಡಿಸಿದ ಮೇಲೆಯೇ ನಾವು ಟಿಕೆಟ್ ತೆಗೆದದ್ದು.

ನಾವು ಹೋದದ್ದು 2024ರ ದೀಪಾವಳಿ ಮುಗಿದ ಮೇಲೆ. ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ. ಅಪ್ಪ ಅಮ್ಮ ತಿಪಟೂರಿನವರು, ತೆಂಗಿನ ತೋಟದವರು. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಬಿಪಿ ಮಾತ್ರೆ. ಇಬ್ಬರಿಗೂ ಅದು ಮೊದಲ ವಿದೇಶ ಪ್ರಯಾಣ. ಬಾಲಿಯ ಗದ್ದೆ, ಕಡಲು, ದೇವಸ್ಥಾನಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ನನ್ನನ್ನು ಕೇಳುವುದು ಮಾತ್ರ ವಿಮಾನ ನಿಲ್ದಾಣದ ಬಗ್ಗೆ. ಅಲ್ಲಿ ಏನೇನು ಕೇಳುತ್ತಾರೆ, ಎಷ್ಟು ನಡೆಯಬೇಕು, ಜ್ವಾಲಾಮುಖಿ ಸಿಡಿದರೆ ಏನು ಗತಿ? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಬಾಲಿಗೆ 2024ರ ಮಾರ್ಚ್ ಕೊನೆಯಿಂದ ನೇರ ವಿಮಾನವಿದೆ. ಅದಕ್ಕೂ ಮುಂಚೆ ಸಿಂಗಪುರದಲ್ಲೋ ಕ್ವಾಲಾಲಂಪುರದಲ್ಲೋ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಈಗಲೂ ಹಾಗೆ ಹೋಗುವವರಿದ್ದಾರೆ. ಸಿಂಗಪುರದ ಮೇಲೆ ಹೋಗುವವರು ಚೀಲದಲ್ಲಿ ಗಸಗಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಅದು ನಿಷಿದ್ಧ ವಸ್ತು. ಹಬ್ಬದ ಪಾಯಸಕ್ಕೆಂದು ಕಟ್ಟಿಕೊಟ್ಟ ಪೊಟ್ಟಣ ದೊಡ್ಡ ವಿಚಾರಣೆಗೇ ಕಾರಣವಾಗಬಹುದು. ನೇರ ವಿಮಾನವಾದರೆ ಸುಮಾರು ಆರೂವರೆ, ಏಳು ಗಂಟೆಯ ಹಾದಿ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮಧ್ಯರಾತ್ರಿ ಹೊರಟರೆ ಅಲ್ಲಿ ಬಿಸಿಲೇರುವ ಹೊತ್ತಿಗೆ ಇಳಿಯುತ್ತೀರಿ. ರಾತ್ರಿ ನಿದ್ದೆ ಆಗಿರುವುದಿಲ್ಲ, ಇಳಿದ ಕೂಡಲೇ ಸಾಲುಗಳು. ಆದ್ದರಿಂದ ಕಾಗದಪತ್ರದ ಕೆಲಸ ಒಂದನ್ನೂ ಅಲ್ಲಿಗೆ ಉಳಿಸಿಕೊಳ್ಳಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ವೀಸಾ. ಭಾರತೀಯರಿಗೆ ಅಲ್ಲಿ ಇಳಿದ ಮೇಲೂ ವೀಸಾ ಕೊಡುತ್ತಾರೆ. ಶುಲ್ಕ ಒಬ್ಬರಿಗೆ 5,00,000 ರುಪಿಯಾ. ಸೊನ್ನೆ ನೋಡಿ ಗಾಬರಿಯಾಗಬೇಡಿ, ಆಗಿನ ದರದಲ್ಲಿ ನಮ್ಮ ದುಡ್ಡಿಗೆ ಸುಮಾರು 2,700 ರೂಪಾಯಿ. ಇದೇ ವೀಸಾವನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬಹುದು. ಅದಕ್ಕೆ ಪಾಸ್‌ಪೋರ್ಟಿನ ಫೋಟೋ ಪುಟ, ಒಂದು ಭಾವಚಿತ್ರ, ವಾಪಸ್ ಬರುವ ಟಿಕೆಟ್ ಮತ್ತು ವಿದೇಶಿ ವಹಿವಾಟಿಗೆ ತೆರೆದಿಟ್ಟ ಕಾರ್ಡ್ ಇದ್ದರೆ ಆಯಿತು. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಸಾಮಾನ್ಯವಾಗಿ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಮೊದಲೇ ತೆರೆದುಕೊಳ್ಳಿ. ವೀಸಾ ಕೈಗೆ ಬಂದ ಮೇಲೆ 90 ದಿನದೊಳಗೆ ಹೋದರೆ ಸಾಕು. ಅಲ್ಲಿ ಇರಲು ಸಿಗುವುದು 30 ದಿನ, ಇಳಿದ ದಿನವೇ ಒಂದನೇ ದಿನ. ಹೆಚ್ಚು ಉಳಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ, ತಲೆಗೆ.

ಎರಡನೆಯದು ಬಾಲಿ ಪ್ರಾಂತ್ಯದ ಪ್ರವಾಸಿ ಶುಲ್ಕ. 2024ರ ಫೆಬ್ರವರಿ 14ರಿಂದ ಜಾರಿಯಲ್ಲಿದೆ. ಒಬ್ಬರಿಗೆ 1,50,000 ರುಪಿಯಾ, ಮಕ್ಕಳಿಗೂ ಅಷ್ಟೇ. ಇದು ವೀಸಾದಲ್ಲಿ ಸೇರಿಲ್ಲ, ‘ಲವ್ ಬಾಲಿ’ ಎಂಬ ಸರ್ಕಾರಿ ತಾಣದಲ್ಲಿ ಬೇರೆಯಾಗಿ ಕಟ್ಟಬೇಕು. ಕಟ್ಟಿದ ಮೇಲೆ ಇ-ಮೇಲ್‌ಗೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ನಿಲ್ದಾಣದಿಂದ ಹೊರಬೀಳುವ ಕಡೆ ನಿಂತ ಸಿಬ್ಬಂದಿ ಕೆಲವರನ್ನು ಕೇಳುತ್ತಾರೆ, ಕೆಲವರನ್ನು ಕೇಳುವುದಿಲ್ಲ. ‘ಕೇಳದಿದ್ದರೆ ಯಾಕೆ ಕಟ್ಟಬೇಕು’ ಅನ್ನುವವರನ್ನು ನೋಡಿದ್ದೇನೆ. ಆ ದ್ವೀಪದ ಸಂಸ್ಕೃತಿ, ಪರಿಸರ ಕಾಪಾಡಲೆಂದು ಎತ್ತುವ ಹಣ ಅದು. ಅಲ್ಲಿನ ಗದ್ದೆ, ಗುಡಿ ನೋಡುವುದಕ್ಕೆಂದೇ ಹೋಗುವವರು ಅದನ್ನು ಕೊಡಬೇಕಾದದ್ದು ನ್ಯಾಯ.

ಮೂರನೆಯದು ಕಸ್ಟಮ್ಸ್ ಮತ್ತು ಆರೋಗ್ಯದ ಘೋಷಣೆ. ನಾವು ಹೋದಾಗ ಇವೆರಡೂ ಬೇರೆ ಬೇರೆ ಇದ್ದವು. ಮಂಗನ ಸಿಡುಬಿನ ಭಯದಿಂದ 2024ರ ಆಗಸ್ಟ್‌ನಲ್ಲಿ ಆರೋಗ್ಯದ ಅರ್ಜಿ ಹೊಸದಾಗಿ ಸೇರಿಕೊಂಡಿತ್ತು. ಹೀಗಾಗಿ ಒಬ್ಬೊಬ್ಬರ ಹೆಸರಿನಲ್ಲೂ ರಾಶಿ ಕೋಡುಗಳು. ನನ್ನ ಹೆಂಡತಿ ಅವನ್ನೆಲ್ಲ ಮುದ್ರಿಸಿ, ಹೆಸರು ಬರೆದು, ಪ್ರತಿಯೊಬ್ಬರ ಪಾಸ್‌ಪೋರ್ಟಿಗೂ ಕ್ಲಿಪ್ ಹಾಕಿಟ್ಟಿದ್ದಳು. ಅಪ್ಪ ತಮ್ಮ ಕಾಗದವನ್ನು ತಾವೇ ಹಿಡಿದು ತಾವೇ ತೋರಿಸಿದರು. ಮೊಬೈಲ್ ಇನ್ನೊಬ್ಬರ ಕೈಯಲ್ಲಿದ್ದು, ಅದರ ಚಾರ್ಜ್ ಮುಗಿದು, ವೈಫೈ ಸಿಗದೆ ಒದ್ದಾಡುವುದಕ್ಕಿಂತ ವಯಸ್ಸಾದವರ ಕೈಯಲ್ಲಿ ಕಾಗದ ಇರುವುದೇ ಮೇಲು. 2025ರಲ್ಲಿ ಸರ್ಕಾರ ಈ ಘೋಷಣೆಗಳನ್ನೆಲ್ಲ ‘ಆಲ್ ಇಂಡೋನೇಷ್ಯಾ’ ಎಂಬ ಒಂದೇ ಅರ್ಜಿಗೆ ತಂದಿದೆ. ಇಳಿಯುವ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು, ಒಂದೇ ಕೋಡ್ ಬರುತ್ತದೆ. ಕೆಲಸ ಬಹಳ ಹಗುರವಾಗಿದೆ. ಆದರೆ ವೀಸಾ ಮತ್ತು ಪ್ರವಾಸಿ ಶುಲ್ಕ ಈಗಲೂ ಬೇರೆಯೇ, ಈ ಅರ್ಜಿ ತುಂಬಿದರೆ ಅವು ತೀರಿದಂತಲ್ಲ.

ಒಂದು ಎಚ್ಚರಿಕೆಯ ಮಾತು. ಈ ಘೋಷಣೆಯ ಅರ್ಜಿಗೆ ಶುಲ್ಕ ಇಲ್ಲ. ಹುಡುಕಿದರೆ ಮೊದಲು ಕಾಣುವ ಎಷ್ಟೋ ತಾಣಗಳು ಸರ್ಕಾರಿ ಮುದ್ರೆಯಂಥದ್ದನ್ನು ಹಾಕಿಕೊಂಡು ದುಡ್ಡು ಕೀಳುತ್ತವೆ. ಇಂಡೋನೇಷ್ಯಾ ಸರ್ಕಾರದ ತಾಣಗಳ ವಿಳಾಸ ‘ಗೋ ಡಾಟ್ ಐಡಿ’ ಎಂದು ಮುಗಿಯುತ್ತದೆ. ವೀಸಾ, ಶುಲ್ಕ, ಘೋಷಣೆ ಮೂರಕ್ಕೂ ಇದು ಅನ್ವಯ. ಬೇರೆ ಯಾವ ಬಾಲ ಇದ್ದರೂ ಪುಟ ಮುಚ್ಚಿಬಿಡಿ.

ಅಮ್ಮನಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆಸಿ, ಹೊರಡುವ ಎರಡು ದಿನ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಂಡೆವು. ‘ನನಗೇನಾಗಿದೆ, ನಡೀತೀನಿ ಬಿಡೋ’ ಎಂದು ಅಮ್ಮ ಬೇಸರ ಮಾಡಿಕೊಂಡರು. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಗೇಟ್ ತನಕದ ದೂರ ನೋಡಿದ ಮೇಲೆ ಅವರೇ ಕೂತರು. ಮಂಡಿ ನೋವಿರುವ ತಂದೆ ತಾಯಿಯ ಸಂಕೋಚಕ್ಕೆ ಮಣಿಯಬೇಡಿ. ನಡಿಗೆ ಉಳಿಯುತ್ತದೆ ಅನ್ನುವುದು ಒಂದಾದರೆ, ಗಾಲಿಕುರ್ಚಿ ತಳ್ಳುವ ಸಿಬ್ಬಂದಿಗೆ ಯಾವ ಸಾಲು ಎಲ್ಲಿ ಅನ್ನುವುದು ಗೊತ್ತಿರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಅನುಕೂಲ.

ಬಾಲಿಯ ನಿಲ್ದಾಣಕ್ಕೆ ಐ ಗುಸ್ತಿ ಙುರಾ ರಾಯ್ ಅವರ ಹೆಸರು. ಡಚ್ಚರ ವಿರುದ್ಧ ಹೋರಾಡಿ 1946ರ ನವೆಂಬರ್ 20ರಂದು ‘ಮಾರ್ಗ’ ಎಂಬ ಹಳ್ಳಿಯಲ್ಲಿ ತಮ್ಮ ಸಂಗಡಿಗರೊಂದಿಗೆ ಮಡಿದ ವೀರ. ಟಿಕೆಟ್ ಮೇಲೆ ಬಾಲಿಯ ರಾಜಧಾನಿ ‘ಡೆನ್ಪಸಾರ್’ ಹೆಸರಿರುತ್ತದೆ, ಆದರೆ ನಿಲ್ದಾಣ ಇರುವುದು ಆ ಊರಿನ ದಕ್ಷಿಣಕ್ಕೆ, ಕುಟಾ ಮತ್ತು ಜಿಂಬಾರನ್ ನಡುವೆ ದ್ವೀಪ ಸಪೂರವಾಗುವ ಜಾಗದಲ್ಲಿ. ರನ್‌ವೇ ಒಂದೇ, 3,000 ಮೀಟರ್ ಉದ್ದ, ಅದರ ಪಶ್ಚಿಮದ ತುದಿ ಕಡಲೊಳಕ್ಕೆ ಚಾಚಿದೆ. ಇಳಿಯುವಾಗ ಕಿಟಕಿಯಲ್ಲಿ ನೆಲ ಕಾಣದೆ ಬರೀ ನೀರು ಕಂಡರೆ ಹೆದರಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಕೋಟ್ಯಂತರ ಜನ ಓಡಾಡುವ ಇಷ್ಟು ದೊಡ್ಡ ನಿಲ್ದಾಣಕ್ಕೆ ಒಂದೇ ಓಟದ ಹಾದಿ, ಆ ದ್ವೀಪಕ್ಕೆ ಪ್ರಯಾಣಿಕರ ವಿಮಾನ ನಿಲ್ದಾಣ ಇದೊಂದೇ. ಒಂದೇ ಬಾಗಿಲಿನ ಮನೆ ಅದು. ಹಿತ್ತಿಲ ಕದ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಳಿದ ಮೇಲೆ ಮೊದಲು ಸಿಗುವುದು ಅಲ್ಲೇ ದುಡ್ಡು ಕಟ್ಟಿ ವೀಸಾ ಪಡೆಯುವವರ ಸಾಲು. ನಾವು ಅದನ್ನು ದಾಟಿ ನೇರವಾಗಿ ಇಮಿಗ್ರೇಷನ್‌ಗೆ ಹೋದೆವು. ಅಲ್ಲಿ ಸ್ವಯಂಚಾಲಿತ ಗೇಟುಗಳೂ ಇವೆ, ಅಧಿಕಾರಿಗಳು ಕೂತ ಕೌಂಟರುಗಳೂ ಇವೆ. ಮೊದಲೇ ವೀಸಾ ಮಾಡಿಸಿಕೊಂಡವರಲ್ಲಿ ಹಲವರು ಗೇಟಿನಲ್ಲಿ ಪಾಸ್‌ಪೋರ್ಟ್ ಇಟ್ಟು, ಕ್ಯಾಮೆರಾಗೆ ಮುಖ ಕೊಟ್ಟು, ನಿಮಿಷದಲ್ಲಿ ಹೊರಬೀಳುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಬಂದವರನ್ನು, ಗಾಲಿಕುರ್ಚಿಯವರನ್ನು ಪಕ್ಕದ ಕೌಂಟರಿಗೆ ಕಳಿಸುತ್ತಿದ್ದರು. ನಾವು ಅಮ್ಮನ ಹಿಂದೆಯೇ ಹೋದೆವು. ಅಧಿಕಾರಿ ಎಲ್ಲಿ ಉಳಿಯುತ್ತೀರಿ, ಯಾವತ್ತು ಹೊರಡುತ್ತೀರಿ ಎಂದು ಕೇಳಿದ. ಅಪ್ಪ ಹೋಟೆಲಿನ ಬುಕಿಂಗ್ ಕಾಗದವನ್ನೂ ವಾಪಸ್ ಟಿಕೆಟ್ಟನ್ನೂ ಮುಂದಿಟ್ಟರು. ಮಾತು ಮುಗಿಯಿತು.

ಕಸ್ಟಮ್ಸ್‌ನಲ್ಲಿ ನಮ್ಮದೊಂದು ಚೀಲ ತೆರೆಸಿದರು. ಅದಕ್ಕೆ ಕಾರಣವೂ ಇತ್ತು, ಘೋಷಣೆಯಲ್ಲಿ ಆಹಾರ ಪದಾರ್ಥ ಇದೆ ಎಂದು ನಾವೇ ಬರೆದಿದ್ದೆವು. ಅಮ್ಮ ಕೋಡುಬಳೆ, ಚಟ್ನಿಪುಡಿ, ಹುರಿದ ಅವಲಕ್ಕಿ ತಂದಿದ್ದರು. ಅಧಿಕಾರಿ ಹೆಂಗಸು ಡಬ್ಬದ ಮುಚ್ಚಳ ತೆಗೆದು, ಚಟ್ನಿಪುಡಿ ಮೂಸಿ, ಏನಿದು ಎಂದು ಕೈಸನ್ನೆಯಲ್ಲಿ ಕೇಳಿದರು. ಅಮ್ಮ ಅನ್ನ ಕಲಸುವ ಹಾಗೆ ಬೆರಳಾಡಿಸಿ ತೋರಿಸಿದರು. ಅವರು ನಕ್ಕು ಮುಚ್ಚಳ ಹಾಕಿಕೊಟ್ಟರು. ಹುರಿದದ್ದು, ಒಣಗಿದ್ದು ಆಗಿದ್ದರಿಂದ ತೊಂದರೆಯಾಗಲಿಲ್ಲ. ಹಣ್ಣು, ಬೀಜ, ಗಿಡ, ಮಾಂಸ ಇವೆಲ್ಲ ಕ್ವಾರಂಟೈನ್ ತಪಾಸಣೆಗೆ ಹೋಗುವ ಪದಾರ್ಥಗಳು, ಅವನ್ನು ಮನೆಯಲ್ಲೇ ಬಿಡಿ. ಇದ್ದದ್ದನ್ನು ಇದೆ ಎಂದು ಬರೆದವರಿಗೆ ತಪಾಸಣೆ ಮಾತ್ರ, ಬರೆಯದೆ ಸಿಕ್ಕಿಬಿದ್ದವರಿಗೆ ದಂಡ. ಮಾತ್ರೆಗಳು ಅವುಗಳ ಪಟ್ಟಿಯಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ, ವೈದ್ಯರ ಚೀಟಿ ಜೊತೆಗಿರಲಿ. ಮಾದಕ ವಸ್ತುವಿನ ವಿಷಯದಲ್ಲಿ ಆ ದೇಶ ಮರಣದಂಡನೆಯ ತನಕ ಹೋಗುತ್ತದೆ. ಗುರುತಿನವರಾದರೂ ಸರಿ, ‘ಇದೊಂದು ಪೊಟ್ಟಣ ತಲುಪಿಸಿಬಿಡಿ’ ಎಂದರೆ ಒಪ್ಪಬೇಡಿ.

ಹೊರಗೆ ಬರುವ ದಾರಿಯಲ್ಲಿ ದುಡ್ಡು ಬದಲಿಸುವ ಅಂಗಡಿಗಳ ಸಾಲಿದೆ. ಅಲ್ಲಿ ಒಂದು ದಿನಕ್ಕೆ ಬೇಕಾಗುವಷ್ಟು ಮಾತ್ರ ಬದಲಿಸಿಕೊಳ್ಳಿ. ಡಾಲರ್ ಒಯ್ಯುವುದಾದರೆ ಮಡಿಕೆ, ಕಲೆ, ಗೀಚು ಇಲ್ಲದ ಹೊಸ ನೋಟುಗಳನ್ನೇ ಬ್ಯಾಂಕಿನಿಂದ ಕೇಳಿ ತನ್ನಿ. ಹಳೆಯ ನೋಟನ್ನು ಅಲ್ಲಿ ತಿರುಗಿಸಿಕೊಡುತ್ತಾರೆ, ತೆಗೆದುಕೊಂಡರೂ ದರ ಇಳಿಸುತ್ತಾರೆ. ಒಂದು ಲಕ್ಷದ ನೋಟು ಕೆಂಪು, ಐವತ್ತು ಸಾವಿರದ್ದು ನೀಲಿ, ಹತ್ತು ಸಾವಿರದ್ದು ನೇರಳೆ. ಸೊನ್ನೆ ಎಣಿಸುವುದಕ್ಕಿಂತ ಬಣ್ಣ ನೋಡಿ ಕೊಡುವುದನ್ನು ಅಪ್ಪ ಬೇಗ ಕಲಿತರು. ಎಟಿಎಂನಲ್ಲಿ ತೆಗೆಯುವವರು ಗಮನಿಸಿ: ಅಲ್ಲಿನ ಹಲವು ಯಂತ್ರಗಳು ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಹೊರಗೆ ಹಾಕುತ್ತವೆ. ದುಡ್ಡು ಬಂತೆಂದು ಹೊರಟುಬಿಟ್ಟರೆ ಕಾರ್ಡ್ ಅಲ್ಲೇ ಉಳಿಯುತ್ತದೆ.

ಹೊರಬಾಗಿಲಿಗೆ ಬಂದರೆ ಹೆಸರಿನ ಫಲಕ ಹಿಡಿದ ಚಾಲಕರ ದೊಡ್ಡ ಗುಂಪು. ನಡುವೆ ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಹಿಂದೆ ಬರುವವರೂ ಇರುತ್ತಾರೆ. ನಿಲ್ದಾಣದ ಅಧಿಕೃತ ಟ್ಯಾಕ್ಸಿ ಕೌಂಟರ್ ಒಳಗೇ ಇದೆ, ಊರಿಗಿಷ್ಟು ಎಂದು ದರ ನಿಗದಿಯಾಗಿದೆ. ಗ್ರ್ಯಾಬ್, ಗೋಜೆಕ್ ಆ್ಯಪ್‌ಗಳ ಗಾಡಿ ಹತ್ತಲು ಬೇರೆ ಜಾಗ ಇದೆ, ಅಲ್ಲಿಗೆ ಸ್ವಲ್ಪ ನಡೆಯಬೇಕು. ವಯಸ್ಸಾದವರಿದ್ದರೆ, ರಾತ್ರಿ ನಿದ್ದೆಗೆಟ್ಟು ಬಂದಿದ್ದರೆ, ಉಳಿದುಕೊಳ್ಳುವ ಮನೆಯವರಿಂದಲೇ ಗಾಡಿ ಹೇಳಿಸುವುದು ಒಳ್ಳೆಯದು. ನಾವು ಹಾಗೇ ಮಾಡಿದೆವು. ಚಾಲಕ ಅಮ್ಮನಿಗೆ ಕೈಮುಗಿದು ‘ಓಂ ಸ್ವಸ್ತ್ಯಸ್ತು’ ಅಂದ.

ಗಾಡಿಗೆ ಕಾಯುತ್ತಿದ್ದಾಗ ಅಮ್ಮ ಕಂಬದ ಬುಡದಲ್ಲಿಟ್ಟಿದ್ದ ಒಂದು ಪುಟ್ಟ ತಟ್ಟೆಯನ್ನು ನೋಡುತ್ತ ನಿಂತರು. ‘ತೆಂಗಿನ ಎಳೆ ಗರಿ ಕಣೋ ಇದು’ ಅಂದರು. ಅಂಗೈಯಗಲದ ಚೌಕ, ಅಂಚು ಮಡಚಿ ಬಿದಿರಿನ ಸಣ್ಣ ಕಡ್ಡಿಯಿಂದ ಚುಚ್ಚಿ ಹೊಲಿದದ್ದು. ಒಳಗೆ ಬಿಳಿ, ಕೆಂಪು, ಹಳದಿ, ನೀಲಿ ಹೂವುಗಳು, ಮೇಲೊಂದು ಊದುಬತ್ತಿ. ಇದಕ್ಕೆ ಅವರು ಚಾನಾಂಗ್ ಸಾರಿ ಅನ್ನುತ್ತಾರೆ. ಬಿಳಿ ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿ ಅಥವಾ ಹಸಿರು ಉತ್ತರಕ್ಕೆ ಎಂದು ಹೂವಿನ ದಿಕ್ಕೂ ಗೊತ್ತುಮಾಡಿದೆ. ದಿನವೂ ಹೊಸದಾಗಿ ಇಡುತ್ತಾರೆ. ನಿಲ್ದಾಣದಲ್ಲೂ ರಸ್ತೆಯಲ್ಲೂ ಅಂಗಡಿ ಮುಂದೆಯೂ ಇವು ನೆಲದ ಮೇಲೇ ಇರುತ್ತವೆ. ಪೆಟ್ಟಿಗೆಯ ಗಾಲಿ ಅದರ ಮೇಲೆ ಹರಿಯದ ಹಾಗೆ, ಕಾಲು ತಾಗದ ಹಾಗೆ ನೋಡಿಕೊಂಡು ನಡೆಯಬೇಕು.

ನಿಲ್ದಾಣದಿಂದ ಗಾಡಿ ಹೊರಬೀಳುತ್ತಲೇ ವೃತ್ತದಲ್ಲಿ ಒಂದು ಭಾರಿ ಶಿಲ್ಪವಿದೆ: ಕುದುರೆಗಳ ರಥ, ರಥದಲ್ಲಿ ಕರ್ಣ, ಅವನ ಮೇಲೆ ಎರಗುವ ಘಟೋತ್ಕಚ. 1993ರದ್ದು. ಅಪ್ಪ ಕಿಟಕಿ ಇಳಿಸಿ ಹೊರಳಿ ಹೊರಳಿ ನೋಡಿದರು. ಚಾಲಕನಿಗೂ ಅಪ್ಪನಿಗೂ ಒಂದು ಭಾಷೆಯಿಲ್ಲ, ಆದರೂ ಭೀಮನ ಮಗ, ಹಿಡಿಂಬೆಯ ಮಗ ಎಂದು ಹೆಸರು ಹೇಳಿಕೊಂಡೇ ಇಬ್ಬರ ಮಾತು ದೂರ ಸಾಗಿತು.

ದ್ವೀಪದಲ್ಲಿ ಕಳೆದ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಹೊರಡುವ ದಿನದ ಬಗ್ಗೆ ಬರೆಯಬೇಕು.

ಉಬುದ್ ಊರಿನಿಂದ ನಿಲ್ದಾಣಕ್ಕೆ 35-40 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಗಂಟೆ ಅನ್ನಿಸುತ್ತದೆ. ಆದರೆ ರಸ್ತೆ ಕಿರಿದು, ಸ್ಕೂಟರುಗಳ ಹಿಂಡು, ಹಬ್ಬದ ಮೆರವಣಿಗೆ ಎದುರಾದರೆ ಗಾಡಿಗಳೆಲ್ಲ ನಿಂತುಬಿಡುತ್ತವೆ. ಒಂದೂವರೆ ಗಂಟೆಯಲ್ಲಿ ತಲುಪಿದರೆ ಅದೃಷ್ಟ, ಎರಡು ಗಂಟೆ ದಾಟುವುದೂ ಉಂಟು. ಕೊನೆಯ ರಾತ್ರಿ ನಿಲ್ದಾಣದ ಹತ್ತಿರ, ಜಿಂಬಾರನ್ ಅಥವಾ ಕುಟಾ ಕಡೆ, ಉಳಿಯಿರಿ. ನಾವು ಜಿಂಬಾರನ್‌ನಲ್ಲಿ ಕೋಣೆ ಹಿಡಿದಿದ್ದೆವು. ಮುಂದೆ ಆದದ್ದಕ್ಕೆಲ್ಲ ಆ ಕೋಣೆಯೇ ನಮಗೆ ಆಸರೆಯಾಯಿತು.

ಫ್ಲೋರೆಸ್ ಎಂಬುದು ಬಾಲಿಯ ಪೂರ್ವಕ್ಕೆ ಇರುವ ಇನ್ನೊಂದು ದ್ವೀಪ. ಅಲ್ಲಿನ ಲೆವೊಟೊಬಿ ಲಾಕಿ-ಲಾಕಿ ಜ್ವಾಲಾಮುಖಿ 2024ರ ನವೆಂಬರ್ 3ರ ರಾತ್ರಿ ಸಿಡಿದು ಕನಿಷ್ಠ ಒಂಬತ್ತು ಜನ ಸತ್ತಿದ್ದರು. ಆಮೇಲೂ ಸಿಡಿತ ನಿಲ್ಲಲಿಲ್ಲ, ಬೂದಿ ಒಂಬತ್ತು ಕಿಲೋಮೀಟರಿಗೂ ಮೇಲೆ ಏರಿತು. ಅದು ಬಾಲಿಯಿಂದ ಸುಮಾರು 800 ಕಿಲೋಮೀಟರ್ ದೂರ. ನಮ್ಮ ಕಣ್ಣಿಗೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ, ಆಕಾಶ ತಿಳಿಯಾಗಿತ್ತು. ಆದರೆ ನವೆಂಬರ್ 12 ಮತ್ತು 13ರಂದು ಬಾಲಿಯ ವಿಮಾನಗಳು ಒಂದರ ಹಿಂದೊಂದು ರದ್ದಾದವು. ನಮ್ಮದೂ ಅದರಲ್ಲಿತ್ತು. ರಾತ್ರಿ ಮಲಗುವ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು.

ಬಿಸಿಲು ಬಿದ್ದಿರುವಾಗ ವಿಮಾನ ಯಾಕೆ ಹಾರಬಾರದು ಎಂದು ಅಪ್ಪ ಕೇಳಿದರು. ಬೂದಿ ಅಂದರೆ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ಎಂಜಿನ್ನಿನ ಕಾವಿಗೆ ಅದು ಕರಗಿ, ಒಳಗಿನ ರೆಕ್ಕೆಗಳ ಮೇಲೆ ಮತ್ತೆ ಗಟ್ಟಿಯಾಗಿ ಅಂಟಿ, ಗಾಳಿಯ ದಾರಿ ಕಟ್ಟುತ್ತದೆ. ಇದು ಜಗತ್ತಿಗೆ ಮನದಟ್ಟಾದದ್ದೂ ಇಂಡೋನೇಷ್ಯಾದ ಆಕಾಶದಲ್ಲೇ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತುಹೋಗಿದ್ದವು. ತೇಲುತ್ತ ಕೆಳಗಿಳಿದ ಮೇಲೆ ಎಂಜಿನ್ನುಗಳು ಮತ್ತೆ ಹತ್ತಿಕೊಂಡು, ವಿಮಾನ ಜಕಾರ್ತಾದಲ್ಲಿ ಇಳಿಯಿತು. ರಾತ್ರಿ ಹೊತ್ತು ಬೂದಿ ಕಣ್ಣಿಗೆ ಕಾಣುವುದಿಲ್ಲ, ವಿಮಾನದ ರಡಾರ್‌ಗೂ ಕಾಣುವುದಿಲ್ಲ. ಇದನ್ನು ಕೇಳಿದ ಮೇಲೆ ಅಪ್ಪ ‘ಹಾಗಾದ್ರೆ ಇಲ್ಲೇ ಇರೋಣ’ ಅಂದರು. ಅವರ ಕೋಪ ಅಲ್ಲಿಗೆ ಇಳಿಯಿತು. ಜೊತೆಗಿರುವ ಹಿರಿಯರಿಗೆ ಕಾರಣ ಬಿಡಿಸಿ ಹೇಳಿ. ಸುಮ್ಮನೆ ‘ಫ್ಲೈಟ್ ಇಲ್ಲ’ ಅಂದರೆ ಅವರಿಗೆ ಭಯವೇ ಜಾಸ್ತಿಯಾಗುತ್ತದೆ.

ಬೆಳಿಗ್ಗೆ ನಾನೊಬ್ಬನೇ ನಿಲ್ದಾಣಕ್ಕೆ ಹೋದೆ. ಹಾಲ್‌ನಲ್ಲಿ ಪೆಟ್ಟಿಗೆಗಳ ಮೇಲೆ ಕೂತವರು, ನೆಲದ ಮೇಲೆ ಮಲಗಿದವರು, ಮಕ್ಕಳ ಅಳು. ಸೋಜಿಗವೆಂದರೆ ನಿಲ್ದಾಣ ತೆರೆದೇ ಇತ್ತು. ಕೆಲವು ವಿಮಾನಗಳು ಏಳುತ್ತಲೂ ಇದ್ದವು. ಬಾಲಿಯ ನೆಲದ ಮೇಲೆ ಬೂದಿ ಬಿದ್ದಿಲ್ಲದಿದ್ದರೂ ತಮ್ಮ ದಾರಿಯಲ್ಲಿ ಬೂದಿ ಇದೆಯೇ ಎಂದು ನೋಡಿ ಹಾರುವುದು ಬಿಡುವುದು ಆಯಾ ಸಂಸ್ಥೆಯ ತೀರ್ಮಾನ. ‘ಏರ್‌ಪೋರ್ಟ್ ಓಪನ್ ಇದೆ ಅಂತ ನ್ಯೂಸ್‌ನಲ್ಲಿ ಬಂದಿದೆ’ ಎಂದು ಗಂಟುಮೂಟೆ ಹೊತ್ತು ಬಂದವರು ಬಹಳ ಜನ ಅಲ್ಲಿದ್ದರು. ನಿಮ್ಮ ವಿಮಾನದ ಸಂಖ್ಯೆ ಹಾಕಿ ನಿಮ್ಮ ಸಂಸ್ಥೆಯ ಆ್ಯಪ್‌ನಲ್ಲಿ ನೋಡಿ, ಅದು ಖಚಿತವಾಗದೆ ಕೋಣೆ ಬಿಡಬೇಡಿ. ಬೂದಿ ಎತ್ತ ಸಾಗುತ್ತಿದೆ ಅನ್ನುವುದನ್ನು ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿರುವ ಜ್ವಾಲಾಮುಖಿ ಬೂದಿ ಸಲಹಾ ಕೇಂದ್ರ ನಕ್ಷೆ ಸಮೇತ ಪ್ರಕಟಿಸುತ್ತದೆ, ವಿಮಾನ ಸಂಸ್ಥೆಗಳು ನೋಡುವುದೂ ಅದನ್ನೇ. ಗಾಳಿ ತಿರುಗಿತೋ ಇಲ್ಲವೋ ಎಂದು ನಾನು ಅದರಲ್ಲೇ ನೋಡುತ್ತಿದ್ದೆ.

ಸಂದೇಶ ಬಂದ ಕೂಡಲೇ ನಾವು ಮೊದಲು ಮಾಡಿದ್ದು ಕೋಣೆಯನ್ನು ಮುಂದುವರಿಸಿದ್ದು. ಸಾವಿರಾರು ಜನ ಒಟ್ಟಿಗೆ ಸಿಕ್ಕಿಬಿದ್ದಾಗ ನಿಲ್ದಾಣದ ಸುತ್ತ ಕೋಣೆಗಳು ಗಂಟೆಗಳಲ್ಲಿ ತುಂಬಿಹೋಗುತ್ತವೆ. ಟಿಕೆಟ್ ಕೆಲಸ ಆಮೇಲೆ. ಅದನ್ನೂ ನನ್ನ ಹೆಂಡತಿ ಆ್ಯಪ್‌ನಲ್ಲೇ ಮುಗಿಸಿದಳು, ಕೌಂಟರಿನ ಸಾಲಿನಲ್ಲಿ ನಾನಿನ್ನೂ ಅರ್ಧದಲ್ಲಿದ್ದೆ. ಇಂಥ ಹೊತ್ತಿನಲ್ಲಿ ದುಡ್ಡು ವಾಪಸ್ ಅಥವಾ ಮುಂದಿನ ದಿನದ ಆಸನ, ಇವೆರಡರಲ್ಲಿ ಒಂದು ಸಿಗುತ್ತದೆ. ಪ್ರಕೃತಿಯ ಕಾರಣವಾದ್ದರಿಂದ ಬೇರೆ ಪರಿಹಾರ ಸಿಗುವುದಿಲ್ಲ, ಊಟ ವಸತಿಯ ಖರ್ಚನ್ನು ನಾವೇ ಭರಿಸಿದೆವು. ನಾವು ದುಡ್ಡು ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಹೊಸ ಟಿಕೆಟ್ ಕೊಳ್ಳಲು ಹೋದವರಿಗೆ ದರ ಹಲವು ಪಟ್ಟು ಕಾಣುತ್ತಿತ್ತು. ಅಪ್ಪನ ಮಾತ್ರೆ ಹೆಚ್ಚುವರಿ ಪಟ್ಟಿಗಳಿದ್ದವು. ಬಾಲಿಗೆ ಹೋಗುವವರು ಪ್ರವಾಸದ ದಿನಗಳ ಮೇಲೆ ಇನ್ನೊಂದು ವಾರಕ್ಕಾಗುವಷ್ಟು ಮಾತ್ರೆ ಇಟ್ಟುಕೊಳ್ಳಬೇಕು. ವೀಸಾದ ಮೂವತ್ತನೇ ದಿನಕ್ಕೆ ವಾಪಸ್ ಟಿಕೆಟ್ ತೆಗೆಯಬಾರದು ಅನ್ನುವುದಕ್ಕೂ ಇದೇ ಕಾರಣ.

ಕಾಯಲಾಗದವರು ಜಾವಾ ದ್ವೀಪದ ಕಡೆ ಹೊರಟರು. ಬಾಲಿಯ ಪಶ್ಚಿಮ ತುದಿಯ ಗಿಲಿಮನುಕ್ ರೇವಿಗೆ ನಿಲ್ದಾಣದಿಂದ ಸುಮಾರು 130 ಕಿಲೋಮೀಟರ್, ಮೂರು ನಾಲ್ಕು ಗಂಟೆಯ ರಸ್ತೆ. ಅಲ್ಲಿಂದ ಸುಮಾರು ಒಂದು ಗಂಟೆಯಲ್ಲಿ ದೋಣಿ ಜಾವಾದ ಕೆತಪಾಂಗ್ ರೇವಿಗೆ ತಲುಪಿಸುತ್ತದೆ. ರೇವಿನ ಹತ್ತಿರವೇ ರೈಲು ನಿಲ್ದಾಣ, ಸುರಬಯಾಕ್ಕೆ ರೈಲಿದೆ, ಬಸ್ಸೂ ಇದೆ. ಸುರಬಯಾದಿಂದ ಸಿಂಗಪುರ, ಕ್ವಾಲಾಲಂಪುರಕ್ಕೆ ವಿಮಾನ ಹಿಡಿಯಬಹುದು. ಒಟ್ಟು ಹನ್ನೆರಡು ಗಂಟೆಗೂ ಮೇಲಾಗುವ ಪ್ರಯಾಣ. ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ, ಟಿಕೆಟ್ ತೆಗೆಯುವಾಗ ಇದು ತಲೆಯಲ್ಲಿರಲಿ. 2017ರ ನವೆಂಬರ್‌ನಲ್ಲಿ ಬಾಲಿಯ ಅಗುಂಗ್ ಪರ್ವತವೇ ಸಿಡಿದು ನಿಲ್ದಾಣ ಮುಚ್ಚಿದಾಗಲೂ ಜನ ಹೀಗೇ ಹೋಗಿದ್ದರು. ಗಟ್ಟಿಮುಟ್ಟಾದ ಹುಡುಗರಿಗೆ ಸರಿ. ಅಮ್ಮನ ಮಂಡಿ ನೋಡಿ ನಾವು ಕಾದೆವು. ಕಾದದ್ದೇ ಒಳ್ಳೆಯದಾಯಿತು, ಗಾಳಿ ತಿರುಗಿದ ಮೇಲೆ ಆ ವಾರದ ಕೊನೆಗೆ ನಮಗೆ ಆಸನ ಸಿಕ್ಕಿತು. ಅದೇ ಜ್ವಾಲಾಮುಖಿ 2025ರ ಜೂನ್ ಮತ್ತು ಜುಲೈನಲ್ಲೂ ಬಾಲಿಯ ವಿಮಾನಗಳನ್ನು ನಿಲ್ಲಿಸಿದೆ.

ಬೂದಿ ಹೇಳಿ ಕೇಳಿ ಬರುವುದಿಲ್ಲ. ಆದರೆ ಈ ಬಾಗಿಲು ವರ್ಷಕ್ಕೊಮ್ಮೆ ಹೇಳಿಯೇ ಮುಚ್ಚುತ್ತದೆ, ಅದೂ ನಮ್ಮ ಯುಗಾದಿಯ ಆಸುಪಾಸಿನಲ್ಲಿ. ಬಾಲಿಯ ಹಿಂದೂಗಳದ್ದೂ ಶಕವರ್ಷವೇ. ಅವರ ಹೊಸ ವರ್ಷದ ದಿನ ಙೆಪಿ, ಮೌನದ ದಿನ. ಬೆಳಗಿನ ಆರು ಗಂಟೆಯಿಂದ ಮರುದಿನ ಬೆಳಗಿನ ಆರರ ತನಕ ಬೆಂಕಿ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ. ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ, ಗಿಲಿಮನುಕ್‌ನ ದೋಣಿಯೂ ನಿಲ್ಲುತ್ತದೆ, ಮೊಬೈಲ್ ಇಂಟರ್ನೆಟ್ ಕಡಿತಗೊಳಿಸುತ್ತಾರೆ. ಪ್ರವಾಸಿಗರೂ ಹೋಟೆಲಿನ ಒಳಗೇ ಇರಬೇಕು. 2025ರಲ್ಲಿ ಅದು ಮಾರ್ಚ್ 29ಕ್ಕೆ ಬಂತು, ಮರುದಿನ ನಮ್ಮ ಯುಗಾದಿ, ಎರಡೂ ಕಡೆ ಶಕ 1947. 2026ರಲ್ಲಂತೂ ಎರಡೂ ಮಾರ್ಚ್ 19ಕ್ಕೇ. ಯುಗಾದಿ ರಜೆಗೆಂದು ಬಾಲಿ ಪ್ರವಾಸ ಯೋಚಿಸುವವರು ಮೊದಲು ಙೆಪಿ ಯಾವತ್ತು ಎಂದು ನೋಡಿ, ಹೋಗುವ ಬರುವ ದಿನಗಳನ್ನು ಆಮೇಲೆ ಗೊತ್ತುಮಾಡಿ. ಆ ದಿನ ಅಲ್ಲಿರುವುದಾದರೆ ಅದೂ ಒಂದು ಭಾಗ್ಯವೇ, ತಿಂಡಿ ತೀರ್ಥ ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಕೊನೆಗೆ ನಾವು ಹೊರಟ ದಿನ ಮೂರೂವರೆ ಗಂಟೆ ಮುಂಚೆಯೇ ನಿಲ್ದಾಣದಲ್ಲಿದ್ದೆವು. ನೆನಪಿಗೆ ಕೊಂಡ ಮರದ ಮುಖವಾಡ ಕೈಚೀಲದಲ್ಲಿ ಹೋಯಿತು. ಕೆತ್ತನೆಯ ಕತ್ತಿ ಕಠಾರಿ ಕೊಂಡವರು ಅವನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಕು, ಪವರ್ ಬ್ಯಾಂಕ್ ಮಾತ್ರ ಕೈಯಲ್ಲೇ ಇರಬೇಕು. ತಪಾಸಣೆ ದಾಟಿದ ಮೇಲೆ ಸುಂಕರಹಿತ ಮಳಿಗೆಯ ಉದ್ದನೆಯ ಹಾದಿ, ಅದನ್ನು ಹಾಯ್ದೇ ಗೇಟಿಗೆ ಹೋಗಬೇಕು, ಬೇರೆ ದಾರಿ ಇಲ್ಲ. ಅಮ್ಮನಿಗೆ ಮತ್ತೆ ಗಾಲಿಕುರ್ಚಿ. ಈ ಸಲ ಅವರೇ ಕೇಳಿ ಕೂತರು.

ಹೊರಡುವ ಮುಂಚೆ ಸಂಸ್ಥೆಯ ಕೌಂಟರಿಗೆ ಹೋಗಿ, ವಿಮಾನ ಯಾವ ದಿನ ಯಾವ ಕಾರಣಕ್ಕೆ ರದ್ದಾಯಿತು ಎಂದು ಬರೆದುಕೊಟ್ಟ ಪತ್ರವೊಂದನ್ನು ಕೇಳಿ ಪಡೆದಿದ್ದೆ. ಬೆಂಗಳೂರಿಗೆ ಬಂದ ಮೇಲೆ ಪ್ರವಾಸ ವಿಮೆಯವರು ಮೊದಲು ಕೇಳಿದ್ದು ಅದನ್ನೇ, ಆಮೇಲೆ ಹೋಟೆಲ್ ಬಿಲ್, ಹಳೆಯ ಮತ್ತು ಹೊಸ ಬೋರ್ಡಿಂಗ್ ವಿವರ. ಪಾಲಿಸಿ ತೆಗೆಯುವಾಗ ಜ್ವಾಲಾಮುಖಿಯ ಬೂದಿಯಿಂದ ಆಗುವ ರದ್ದತಿ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಸಿಡಿದ ಸುದ್ದಿ ಬಂದ ಮೇಲೆ ತೆಗೆದ ಪಾಲಿಸಿಗೆ ಆ ಸಿಡಿತದ ಪರಿಹಾರ ಸಿಗುವುದಿಲ್ಲ, ಆದ್ದರಿಂದ ಟಿಕೆಟ್ ತೆಗೆದ ದಿನವೇ ವಿಮೆಯನ್ನೂ ಮಾಡಿಸಿ. ರದ್ದತಿಯ ಪತ್ರವನ್ನು ಮಾತ್ರ ಅಲ್ಲಿರುವಾಗಲೇ ಕೈಗೆ ತೆಗೆದುಕೊಳ್ಳಿ. ಊರಿಗೆ ಬಂದು ಇ-ಮೇಲ್‌ನಲ್ಲಿ ತರಿಸಿಕೊಳ್ಳುತ್ತೇವೆ ಅಂದುಕೊಂಡು ಬಂದ ಸಹಪ್ರಯಾಣಿಕರೊಬ್ಬರು ಅದಕ್ಕಾಗಿ ವಾರಗಟ್ಟಲೆ ಅಲೆದರು.